ಡ್ರಿಪ್ಪರ್ ಬಾಯಿಗೆ ಕಟ್ಟಿದ ಸುಣ್ಣ

ಮುಳಬಾಗಿಲು ಕಡೆಯ ಒಂದು ಟೊಮೆಟೊ ತೋಟಕ್ಕೆ ನಾನು ತಪ್ಪು ಸಲಹೆ ಕೊಟ್ಟೆ. ಮಣ್ಣು, ನೀರು ಪರೀಕ್ಷಿಸುವ ಪ್ರಯೋಗಾಲಯ ಸೇರಿ ಆಗ ಎರಡನೇ ವರ್ಷ. ಗಿಡಗಳ ಎಲೆಯಂಚು ಸುಟ್ಟಿತ್ತು, ಕಾಯಿಗಳ ತಳ ಕಪ್ಪಾಗಿ ಗುಳಿಬಿದ್ದಿತ್ತು. ಕೊಳವೆಬಾವಿ ನೀರಿನ ವರದಿಯಲ್ಲಿ ನಾನು ನೋಡಿದ್ದು ಇಸಿ (ನೀರಿನಲ್ಲಿ ಕರಗಿದ ಒಟ್ಟು ಉಪ್ಪನ್ನು ತೋರುವ ವಿದ್ಯುತ್ ವಾಹಕತೆ) ಒಂದನ್ನೇ. "ಉಪ್ಪು ಹೆಚ್ಚಿದೆ ಅಣ್ಣಾ, ಇನ್ನಷ್ಟು ನೀರು ಬಿಡಿ, ತೊಳೆದುಹೋಗಲಿ" ಎಂದೆ.

ಹದಿನೈದು ದಿನ ಬಿಟ್ಟು ಹೋದಾಗ ಸಾಲಿನ ಮಣ್ಣು ಬಿಗಿದುಕೊಂಡು ನೀರು ಇಂಗದೆ ನಿಂತಿತ್ತು. ಕ್ಯಾಲ್ಸಿಯಂ ಕೊರತೆಯಿರಬಹುದೇ ಎಂದು ಅನುಮಾನಿಸಿದೆ. ತೋಟದ ರೈತರು ಹನಿ ನೀರಾವರಿ ಕೊಳವೆಯಿಂದ ನೀರು ತೊಟ್ಟಿಕ್ಕಿಸುವ ಡ್ರಿಪ್ಪರ್ ಒಂದನ್ನು ಕಿತ್ತು ನನ್ನ ಅಂಗೈಗಿಟ್ಟರು. "ಸುಣ್ಣಕ್ಕೇನು ಬರ ಮೇಡಂ? ತೂತೆಲ್ಲ ಅದೇ ಕಟ್ಟಿಕೊಂಡಿದೆ." ಉತ್ತರ ಹೊಳೆಯಲಿಲ್ಲ. ಅದನ್ನು ಪ್ರಯೋಗಾಲಯಕ್ಕೆ ತಂದು ಒಂದು ಹನಿ ಆಮ್ಲ ಹಾಕಿದೆ, ನೊರೆಯೆದ್ದಿತು. ಸುಣ್ಣವೇ ನಿಜ.

ಆಗ ವರದಿಯ ಉಳಿದ ಸಾಲುಗಳನ್ನು ಓದಿದೆ. ಬೈಕಾರ್ಬೊನೇಟ್ ಪ್ರಮಾಣ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡರ ಮೊತ್ತವನ್ನು ಮೀರಿತ್ತು. ಈ ಅಂತರ ಲೀಟರಿಗೆ 2.5 ಮಿಲಿಈಕ್ವಿವಲೆಂಟ್ (ಕರಗಿದ ಲವಣಾಂಶ ಅಳೆಯುವ ಮಾನ) ದಾಟಿದರೆ ನೀರು ಬೇಸಾಯಕ್ಕೆ ಒಗ್ಗುವುದಿಲ್ಲ, ಇಲ್ಲಿ ದಾಟಿತ್ತು. ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಜೊತೆ ಸೇರಿ ಸುಣ್ಣವಾಗಿ ಕೊಳವೆಯಲ್ಲಿ, ಮಣ್ಣಿನಲ್ಲಿ ಕೂತುಬಿಡುತ್ತದೆ. ಕರಗಿದ ಸೋಡಿಯಂ ಮಾತ್ರ ಬೇರಿನವರೆಗೆ ಬರುತ್ತದೆ. ಅವರು ತೋರಿಸಿದ್ದು ಗಿಡಕ್ಕೆ ದಕ್ಕದೆ ಹೋದ ಕ್ಯಾಲ್ಸಿಯಂ. ಅದೇ ನೀರನ್ನು ಹೆಚ್ಚು ಬಿಡಿಸಿ ನಾನು ಸೋಡಿಯಂ ತುಂಬಿಸಿದ್ದೆ, ಮಣ್ಣು ಬಿಗಿದದ್ದೂ ಅದರಿಂದಲೇ.

ಬೇರಿನ ಜೀವಕೋಶದ ಪೊರೆಯನ್ನು ಬಿಗಿಯಾಗಿ ಹಿಡಿದಿಡುವುದು ಕ್ಯಾಲ್ಸಿಯಂ. ಸೋಡಿಯಂ ಅದರ ಜಾಗ ಕಸಿದುಕೊಂಡರೆ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಸೋಡಿಯಂ ಒಳನುಗ್ಗುತ್ತದೆ. ನುಗ್ಗಿದ್ದನ್ನು ಹೊರದಬ್ಬುವ ವ್ಯವಸ್ಥೆಗೆ ಚಾಲನೆ ಸಿಗುವುದೂ ಕೋಶದೊಳಗೆ ಏರುವ ಕ್ಯಾಲ್ಸಿಯಂ ಸಂಕೇತದಿಂದಲೇ. ಉಪ್ಪುನೀರಿನಲ್ಲಿ ಬೆಳೆಸಿದ ಹುರುಳಿಕಾಯಿ ಗಿಡಗಳಿಗೆ ಸಾಕಷ್ಟು ಕ್ಯಾಲ್ಸಿಯಂ ಕೊಟ್ಟರೆ ಸೋಡಿಯಂ ಎಲೆಗೇರುವುದು ತಗ್ಗುತ್ತದೆಂದು ವಿಜ್ಞಾನಿಗಳಾದ ಲಹಾಯ್ ಮತ್ತು ಎಪ್ಸ್ಟೈನ್ 1969ರಲ್ಲೇ ತೋರಿಸಿದ್ದರು. ಇನ್ನು ಕಾಯಿಯ ಪಾಡು ಬೇರೆ: ಕ್ಯಾಲ್ಸಿಯಂ ಬೇರಿನಿಂದೇರುವ ನೀರಿನೊಂದಿಗೆ ಸಾಗುತ್ತದೆ, ಹೆಚ್ಚು ನೀರು ಆರಿಸುವ ಎಲೆಗಳು ಅದನ್ನು ಸೆಳೆದುಕೊಳ್ಳುತ್ತವೆ, ಕಾಯಿಯ ತಳಕ್ಕೆ ಕೊನೆಯ ಪಾಲು. ತಳ ಕಪ್ಪಾಗುವುದು ರೋಗವಲ್ಲ, ಔಷಧಿ ಹೊಡೆದರೆ ಹಣ ದಂಡ.

ಮಣ್ಣಿಗೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಿಸಿದೆವು. ಕ್ಷಾರ ಏರಿದ ಮಣ್ಣಿನಲ್ಲಿ ಸುಣ್ಣ ಕರಗದು, ಜಿಪ್ಸಂ ಕರಗುತ್ತದೆ. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟೆವು, ಬೇರೆಯೇ ದಿನ, ಬೇರೆಯೇ ತೊಟ್ಟಿಯಲ್ಲಿ. ರಂಜಕದ ಅಥವಾ ಸಲ್ಫೇಟ್ ಗೊಬ್ಬರದ ಜೊತೆ ಬೆರೆಸಿದರೆ ಅದೂ ಗಸಿಯಾಗಿ ಕೊಳವೆಯಲ್ಲೇ ಉಳಿಯುತ್ತದೆ. ಕೃಷಿಹೊಂಡದ ಮಳೆನೀರನ್ನೂ ಬೆರೆಸಿ ಹಾಯಿಸಿದೆವು. ಇದಿಲ್ಲದೆ ಬರೀ ಕ್ಯಾಲ್ಸಿಯಂ ಸುರಿದರೆ ಉಪ್ಪಿನ ಮೇಲೆ ಉಪ್ಪು ಸೇರಿಸಿದಂತೆ.

ಕಪ್ಪಾದ ಕಾಯಿಗಳು ಸರಿಹೋಗಲಿಲ್ಲ. ಹೊಸ ಗೊಂಚಲು ತಿಳಿಯಾಗಿ ಬಂದವು. ಆದರೆ ಮೊದಲೆರಡು ಕೊಯ್ಲನ್ನು ಅವರು ಕೋಲಾರದ ಮಂಡಿಗೆ ಒಯ್ಯದೆ ಬದುವಿಗೆ ಸುರಿದಿದ್ದರು. ಆ ರಾಶಿ ಈಗಲೂ ಕಣ್ಣಿಗೆ ಕಟ್ಟಿದೆ. ನೀರಿನ ಮಾದರಿ ತರುವವರಿಗೆಲ್ಲ ಈಗ ಹೇಳುತ್ತೇನೆ: ಬಾಟಲಿಯ ಜೊತೆಗೆ ಹಳೆಯ ಡ್ರಿಪ್ಪರ್ ಒಂದನ್ನೂ ಕಿತ್ತು ತನ್ನಿ.