ನೋಯದ ಹುಣ್ಣು

ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಚರ್ಮ ಮತ್ತು ಲೈಂಗಿಕ ರೋಗ ತಜ್ಞರು’ ಎಂದಿತ್ತು. ನಾನು ಮೊದಲ ಪದ ಮಾತ್ರ ಓದಿಕೊಂಡು ಒಳಗೆ ಹೋಗಿದ್ದೆ. ಅಂಗೈ ತುಂಬ ಕಂದುಗೆಂಪು ಚುಕ್ಕೆಗಳು ಎದ್ದಿದ್ದವು. ನವೆ ಇಲ್ಲ, ಉರಿ ಇಲ್ಲ. ಪಾತ್ರೆ ತೊಳೆಯುವ ಸೋಪು ಬದಲಾಯಿಸಿದ್ದೆ, ಅದರದ್ದೇ ಕಿತಾಪತಿ ಅಂತ ಒಂದು ವಾರ ಸುಮ್ನಿದ್ದೆ.

ಡಾಕ್ಟರು ಅಂಗೈ ನೋಡಿದರು. ಆಮೇಲೆ “ಸಾಕ್ಸ್ ತೆಗೀರಿ” ಅಂದರು. ಅಂಗಾಲಿನಲ್ಲೂ ಅದೇ ಚುಕ್ಕೆಗಳು. ನನಗೇ ಗೊತ್ತಿರಲಿಲ್ಲ. ಅಂಗಾಲನ್ನು ಯಾರು ತಿರುಗಿಸಿ ನೋಡಿಕೊಳ್ಳುತ್ತಾರೆ, ಹೇಳಿ?

“ಎರಡು ಮೂರು ತಿಂಗಳ ಹಿಂದೆ ಕೆಳಗೆ ಹುಣ್ಣೇನಾದರೂ ಆಗಿತ್ತಾ? ನೋವಿಲ್ಲದ್ದು?”

ಆಗಿತ್ತು. ಒಂದೇ ಒಂದು. ಮುಟ್ಟಿದರೆ ಗಟ್ಟಿ, ಆದರೆ ನೋವೇ ಇಲ್ಲ. ನೋವಿದ್ದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡುತ್ತಿದ್ದೆ. ಮನೆಯಲ್ಲಿದ್ದ ಯಾವುದೋ ಮುಲಾಮು ಹಚ್ಚಿದೆ, ನಾಲ್ಕು ವಾರದಲ್ಲಿ ಮಾಯ. ಮುಲಾಮು ಒಳ್ಳೇದಿದೆ ಅಂತ ಟ್ಯೂಬನ್ನು ಜೋಪಾನವಾಗಿ ಎತ್ತಿಟ್ಟೂ ಇದ್ದೆ.

“ಏನೂ ಹಚ್ಚದಿದ್ದರೂ ಹೋಗ್ತಿತ್ತು” ಅಂದರು ಡಾಕ್ಟರು. “ಹುಣ್ಣು ಹೋಗುತ್ತೆ, ರೋಗಾಣು ಹೋಗಲ್ಲ. ಈ ಚುಕ್ಕೆಗಳೂ ತಾವಾಗೇ ಹೋಗ್ತಾವೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಕೆಲವರಲ್ಲಿ ಮುಂದೆ ಹೃದಯದ ದೊಡ್ಡ ರಕ್ತನಾಳಕ್ಕೋ ಮೆದುಳಿಗೋ ಕೈ ಹಾಕುತ್ತೆ. ಕಣ್ಣು, ಕಿವಿಗಾದರೆ ಯಾವಾಗ ಬೇಕಾದರೂ ಬರಬಹುದು. ಸಿಫಿಲಿಸ್ ಇರಬೇಕು ಅನ್ಸುತ್ತೆ, ರಕ್ತ ಕೊಡಿ.”

ಆ ಹೆಸರು ಕಿವಿಗೆ ಬಿದ್ದಾಗ ನನಗೆ ಮೊದಲು ಬಂದದ್ದು ಭಯ ಅಲ್ಲ, ಸಿಟ್ಟು. ಯಾರಿಂದ ಬಂತು ಇದು? ಆಮೇಲೆ ಓದಿಕೊಂಡಾಗ ಗೊತ್ತಾಯಿತು, ಈ ರೋಗದ ಚರಿತ್ರೆ ತುಂಬ ಇದೇ ಪ್ರಶ್ನೆ. ಇಟಲಿಯವರು ಇದನ್ನು ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸ್‌ನವರ ರೋಗ ಅಂದರು. ನಮ್ಮ ಆಯುರ್ವೇದದ ಭಾವಪ್ರಕಾಶ ಎಂಬ ಗ್ರಂಥದಲ್ಲಿ ಇದು ಫಿರಂಗ ರೋಗ, ಅಂದರೆ ಫಿರಂಗಿಗಳು, ಯುರೋಪಿನವರು, ತಂದದ್ದು. ರೋಗಾಣು ಮಾತ್ರ 1905ರಲ್ಲಿ ಶಾಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಜರ್ಮನ್ನರ ಕಣ್ಣಿಗೆ ಬೀಳುವ ತನಕ ಯಾರ ಕೈಗೂ ಸಿಕ್ಕಿರಲಿಲ್ಲ. ಸುರುಳಿಯಂತೆ ತಿರುಚಿಕೊಂಡ ತೆಳ್ಳನೆಯ ಎಳೆ ಅದು.

ಸಂಜೆ ಎರಡು ಸಿಫಿಲಿಸ್ ರಕ್ತ ಪರೀಕ್ಷೆಗಳ ರಿಪೋರ್ಟ್ ಬಂತು. ವಿಡಿಆರ್‌ಎಲ್ 1:64 (ರೋಗ ಚುರುಕಾಗಿದ್ದಾಗ ಎರಡನೆಯ ಅಂಕಿ ದೊಡ್ಡದಿರುತ್ತದೆ, ಔಷಧ ಹಿಡಿದರೆ ಇಳಿಯುತ್ತದೆ), ಟಿಪಿಎಚ್‌ಎ ಪಾಸಿಟಿವ್. ಎಚ್‌ಐವಿ ನೆಗೆಟಿವ್. ಸಿಫಿಲಿಸ್ ಹುಣ್ಣಿದ್ದರೆ ಎಚ್‌ಐವಿ ಅಂಟುವುದು ಸುಲಭ ಅಂತ ಅದನ್ನೂ ನೋಡಿದ್ದರು, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು.

“ನಾನು ಕಾಂಡೋಮ್ ಹಾಕ್ತೀನಲ್ಲ” ಅಂದೆ. ಡಾಕ್ಟರು ಏನೂ ಹೇಳದೆ ನನ್ನನ್ನೇ ನೋಡಿದರು. “ಜಾಸ್ತಿ ಸಲ” ಅಂತ ತಿದ್ದಿಕೊಂಡೆ. ಅದು ದೊಡ್ಡ ರಕ್ಷಣೆಯೇ, ಬಿಡಬೇಡಿ ಅಂದರು. ಆದರೆ ಹುಣ್ಣು ಕಾಂಡೋಮ್ ಮುಚ್ಚದ ಜಾಗದಲ್ಲಿದ್ದರೆ ಅದು ತಡೆಯಲ್ಲ. ಬಾಯಿಯ ಮೂಲಕವೂ ಅಂಟುತ್ತದೆ. ಹೊಸ ಸಂಗಾತಿಗಳು ಇರುವವರು ಏನೂ ಆಗದಿದ್ದರೂ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕಂತೆ. ಒಂದು ಸಲ ಬಂದು ಹೋದರೆ ಮತ್ತೆ ಬರಲ್ಲ ಅನ್ನುವ ಹಾಗೂ ಇಲ್ಲ.

ಪೆನ್ಸಿಲಿನ್ ಅಲರ್ಜಿ ಇದೆಯಾ ಅಂತ ಎರಡೆರಡು ಸಲ ಕೇಳಿ ಇಂಜೆಕ್ಷನ್ ಕೊಟ್ಟರು. ಬೆಂಜಥೀನ್ ಪೆನ್ಸಿಲಿನ್, 24 ಲಕ್ಷ ಯೂನಿಟ್. ಅರ್ಧ ಈ ಕಡೆ ಕುಂಡೆಗೆ, ಅರ್ಧ ಆ ಕಡೆಗೆ. ಹಾಲಿನಂತೆ ಬಿಳಿ, ಗಟ್ಟಿ ಔಷಧ. ಸೂಜಿ ದಪ್ಪ. ನಿಧಾನವಾಗಿ ಒತ್ತುತ್ತಿದ್ದ ನರ್ಸ್ “ಆಯ್ತು, ಆಯ್ತು” ಅನ್ನುತ್ತಲೇ ಇದ್ದರು, ಆಗಿರಲಿಲ್ಲ. ಔಷಧ ಸ್ನಾಯುವಿನಲ್ಲಿ ಕೂತು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತದಂತೆ. ಸಿಫಿಲಿಸ್‌ಗೆ ಪೆನ್ಸಿಲಿನ್ ಕೊಡಲು ಶುರುಮಾಡಿದ್ದು 1943ರಲ್ಲಿ, ಇವತ್ತಿಗೂ ಅದೇ ಔಷಧ. ಇನ್ನೊಂದು ಲೈಂಗಿಕ ರೋಗವಾದ ಗೊನೋರಿಯಾದ ಬ್ಯಾಕ್ಟೀರಿಯಾ ಒಂದಾದ ಮೇಲೊಂದು ಔಷಧವನ್ನು ಜೀರ್ಣಿಸಿಕೊಂಡು ಕೂತಿದೆ. ಸಿಫಿಲಿಸ್‌ನ ರೋಗಾಣು ಪೆನ್ಸಿಲಿನ್ ಎದುರು ಇನ್ನೂ ಪಾಠ ಕಲಿತಿಲ್ಲ.

“ರಾತ್ರಿ ಜ್ವರ ಬಂದರೆ ಹೆದರಬೇಡಿ” ಅಂದಿದ್ದರು. ಬಂತು. ಹಲ್ಲು ಕಟಕಟ ಅನ್ನುವಷ್ಟು ಚಳಿ, ತಲೆನೋವು, ಚುಕ್ಕೆಗಳೆಲ್ಲ ಇನ್ನಷ್ಟು ಕೆಂಪು. ರೋಗಾಣುಗಳು ಒಟ್ಟಿಗೆ ಸಾಯುವಾಗ ಮೈ ಹೀಗೆ ಕಾದಾಡುತ್ತದೆ, ಅದು ಅಲರ್ಜಿ ಅಲ್ಲ. ಮೊದಲೇ ಹೇಳಿರದಿದ್ದರೆ ನಾನು ಆ ರಾತ್ರಿ ಎಲ್ಲಿಗೆ ಓಡುತ್ತಿದ್ದೆನೋ. ಬೆಳಗ್ಗೆ ಬೆವರಿ ಎದ್ದೆ, ಜ್ವರ ಇಳಿದಿತ್ತು. ಆರು ತಿಂಗಳಿಗೆ ವಿಡಿಆರ್‌ಎಲ್ 1:8ಕ್ಕೆ ಬಂತು. ಟಿಪಿಎಚ್‌ಎ ಮಾತ್ರ ಬಹುಶಃ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು.

ಒಂದು ವಿಷಯ ಮುಂದೂಡುತ್ತಾ ಬಂದಿದ್ದೇನೆ. ಅವತ್ತೂ ಮುಂದೂಡಿದ್ದೆ. ಕಳೆದ ಆರು ತಿಂಗಳಲ್ಲಿ ಜೊತೆಗಿದ್ದವರಿಗೆಲ್ಲ ತಿಳಿಸಬೇಕು ಅಂದಿದ್ದರು ಡಾಕ್ಟರು. ನನಗೆ ಇಬ್ಬರು. ಎರಡು ದಿನ ಫೋನ್ ಕೈಯಲ್ಲಿ ಹಿಡಿದು ಕೂತೆ. ಮೊದಲನೆಯವಳು ಮೆಸೇಜ್ ಓದಿ ನನ್ನನ್ನು ಬ್ಲಾಕ್ ಮಾಡಿದಳು. ಪರೀಕ್ಷೆ ಮಾಡಿಸಿಕೊಂಡಳೋ ಇಲ್ಲವೋ, ಗೊತ್ತಾಗಲಿಲ್ಲ.

ಎರಡನೆಯವಳಿಗೆ ಫೋನ್ ಮಾಡಿದೆ. ಅವಳಿಗೆ ಹುಣ್ಣೂ ಇಲ್ಲ, ಚುಕ್ಕೆಯೂ ಇಲ್ಲ. ಹೆಂಗಸರಲ್ಲಿ ಹುಣ್ಣು ಒಳಗೇ ಆಗಿ, ಕಾಣದೇ ಹೋಗಬಹುದು ಅಂತ ಡಾಕ್ಟರು ಹೇಳಿದ್ದನ್ನು ಹೇಳಿದೆ. ಗರ್ಭಿಣಿಯಾದರೆ ಮಗುವಿಗೂ ದಾಟುತ್ತದೆ, ಮಗು ಹೊಟ್ಟೆಯಲ್ಲೇ ಸಾಯಲೂಬಹುದು ಅನ್ನುವುದನ್ನೂ ತಡವರಿಸುತ್ತಾ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

“ನಿನ್ನಿಂದ ನನಗಾ, ನನ್ನಿಂದ ನಿನಗಾ?”

“ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ.”

ನಾಲ್ಕು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ಪಾಸಿಟಿವ್ ಬಂದಿತ್ತು. ಅಳು ಬರುತ್ತೇನೋ, ಬೈಗುಳ ಬರುತ್ತೇನೋ ಅಂತ ಕಾದೆ.

“ಆ ಇಂಜೆಕ್ಷನ್ ತುಂಬಾ ನೋಯುತ್ತಾ?” ಅಂತ ಕೇಳಿದಳು.

“ನೋಯುತ್ತೆ. ಎರಡು ದಿನ ಸರಿಯಾಗಿ ಕೂರೋಕಾಗಲ್ಲ.”

“ಹಾಗಾದ್ರೆ ಶುಕ್ರವಾರ ಹಾಕಿಸ್ಕೋತೀನಿ” ಅಂದಳು.