ಮನಸ್ಸು ಓದುವ ಡಬ್ಬಿ: ಕೆಲಸ ಎಲ್ಲಿಗೆ ಬಂತು

ನಾನು ಕಟ್ಟುತ್ತಿರುವ ಡಬ್ಬಿ ಆಡತೊಡಗಿದೆ. ಎಡಕ್ಕೊಂದು ಬಲಕ್ಕೊಂದು ಬಟನ್. ನೀವು ಯಾವುದನ್ನು ಒತ್ತುತ್ತೀರಿ ಎಂದು ಅದು ಮೊದಲೇ ಊಹಿಸಿ ಒಳಗಿಟ್ಟುಕೊಳ್ಳುತ್ತದೆ, ನೀವು ಒತ್ತಿದ ಮೇಲೆ ತೋರಿಸುತ್ತದೆ. ಊಹೆ ಸರಿಯಾದರೆ ಕೆಂಪು ದೀಪ, ಡಬ್ಬಿ ಗೆದ್ದಂತೆ. ತಪ್ಪಿದರೆ ಹಸಿರು, ನೀವು ಗೆದ್ದಿರಿ.

ಉಪಾಯ ನನ್ನದಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಹೇಗಲ್‌ಬಾರ್ಗರ್ ಇಂಥದ್ದೊಂದು ಯಂತ್ರ ಕಟ್ಟಿದ್ದರು. ಅದನ್ನು ಕಂಡು ಅಲ್ಲಿಯದೇ ಗಣಿತಜ್ಞ ಕ್ಲಾಡ್ ಶ್ಯಾನನ್ 1953ರಲ್ಲಿ ಇನ್ನೂ ಸರಳವಾದದ್ದನ್ನು ರಿಲೇಗಳಿಂದಲೇ (ಕರೆಂಟಿನಿಂದ ತಾನೇ ಆನ್-ಆಫ್ ಆಗುವ ಸ್ವಿಚ್) ಮಾಡಿದರು. ನಾನು ಅನುಸರಿಸಿದ್ದು ಶ್ಯಾನನ್ ದಾರಿ. ಹಿಂದಿನ ಎರಡು ಆಟ ಮಾತ್ರ ನೋಡುವುದು: ಗೆದ್ದಿರೋ ಸೋತಿರೋ, ಆಮೇಲೆ ಅದೇ ಬಟನ್ ಒತ್ತಿದಿರೋ ಬದಲಿಸಿದಿರೋ, ಮತ್ತೆ ಗೆದ್ದಿರೋ ಸೋತಿರೋ. ಒಟ್ಟು 8 ಸಂದರ್ಭ. ಒಂದೊಂದರಲ್ಲೂ ಕಳೆದ ಎರಡು ಸಲ ನೀವು ಏನು ಮಾಡಿದಿರಿ ಎಂಬುದಷ್ಟೇ ನೆನಪು. ಎರಡೂ ಸಲ ಒಂದೇ ಥರ ಮಾಡಿದ್ದರೆ ಈ ಸಲವೂ ಹಾಗೇ ಎಂದು ಊಹೆ, ಇಲ್ಲದಿದ್ದರೆ ಸುಮ್ಮನೆ ಯಾವುದೋ ಒಂದು. ಡಬ್ಬಿಯೊಳಗಿನ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ ಊನೊದ 2 ಕೆಬಿ ರ‍್ಯಾಮ್‌ನಲ್ಲಿ ಇದು ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಸಣ್ಣದು.

ಸಾಮಾನೆಲ್ಲ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನದು. ಡೊಂಬಿವಲಿಯಿಂದ ಹೊರಟು ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರಾಯಿತು. ಅಗ್ಗದ ಬಟನ್, ಒಂದು ಸಲ ಒತ್ತಿದರೆ ಒಳಗಿನ ತಗಡು ಕುಣಿದು ಮೂರು ಸಲ ಒತ್ತಿದಂತೆ ಲೆಕ್ಕ ಬರುತ್ತದೆ. ಮೊದಲ ಒತ್ತಿನ ನಂತರ 50 ಮಿಲಿಸೆಕೆಂಡ್ ಕಿವುಡಾಗಿರು ಎಂದು ಪ್ರೋಗ್ರಾಮಿನಲ್ಲಿ ಹೇಳಿದ ಮೇಲೆ ಸರಿಹೋಯಿತು.

ಮೊದಲು ಕೂತವರು ಉಡುಪಿಯಿಂದ ಬಂದಿದ್ದ ಚಿಕ್ಕಮ್ಮ. ಬಲಗೈ ಹೆಬ್ಬೆರಳಿನಲ್ಲೇ ಎರಡೂ ಬಟನ್ ಒತ್ತುವವರು. ಗೆದ್ದರೆ ಅದೇ ಬಟನ್ನಿಗೆ ಅಂಟಿಕೊಳ್ಳುವರು, ಸೋತ ಕೂಡಲೇ ಹೆಬ್ಬೆರಳು ಆಚೆ ಹೋಗುವುದು. ಡಬ್ಬಿಗೆ ಅಷ್ಟು ಸಾಕಾಯಿತು, ಕೆಂಪು ದೀಪ ಆರುವುದೇ ಕಷ್ಟ. ಹಾಗಾದರೆ ನೀವು ಒತ್ತಿದ್ದು ನಿಮ್ಮಿಷ್ಟದಂತೆ ಅಲ್ಲವಲ್ಲ ಎಂದು ಕೆಣಕಿದೆ.

“ಎಂತ ಮಾರಾಯ, ನನಗೆ ಬಲವೇ ಬೇಕಿತ್ತು, ಒತ್ತಿದೆ. ಅದಕ್ಕೆ ಗೊತ್ತಾದರೆ ನನಗೆಂತ ನಷ್ಟ? ಸಂಜೆ ನಾನು ಚಾ ಕುಡಿಯುವುದು ನಿನಗೂ ಗೊತ್ತುಂಟು. ಹಾಗಂತ ಕುಡಿಯುವುದು ನೀನಾ?”

ನಾನು ಓದಿದ ತತ್ವಶಾಸ್ತ್ರದಲ್ಲಿ ಇದಕ್ಕಿಂತ ಗಟ್ಟಿ ಉತ್ತರ ಸಿಕ್ಕಿಲ್ಲ.

ಅಕ್ಕನ ಮಗನದು ಬೇರೆ ವರಸೆ. ಗೋಡೆಯ ಡಿಜಿಟಲ್ ಗಡಿಯಾರ ನೋಡುತ್ತಾನೆ: ಸೆಕೆಂಡು ಸಮವಾದರೆ ಎಡ, ಬೆಸವಾದರೆ ಬಲ. ಡಬ್ಬಿಯ ಗೆಲುವು ಅರ್ಧಕ್ಕೆ ಇಳಿಯಿತು. ಆದರೆ ಅವನು ಹೀಗೆ ಆಯ್ಕೆಯನ್ನೇ ಗಡಿಯಾರಕ್ಕೆ ಒಪ್ಪಿಸಿದ್ದಾನೆ. ಗಡಿಯಾರಕ್ಕೆ ಒಂದು ತಂತಿ ಎಳೆದು, ಅವನ ಕೈ ಬಟನ್ನಿಗೆ ಬರುವ ಹೊತ್ತು ತಿಳಿಯುವಂತೆ ಮಾಡಿದರೆ ಮುಗಿಯಿತು. ಜಗತ್ತಿನ ಒಂದೊಂದು ಕಣದ ಸ್ಥಿತಿಯನ್ನೂ ಬಲ್ಲ ಬುದ್ಧಿಗೆ ಮುಂದಿನದೆಲ್ಲ ಕಾಣುತ್ತದೆ ಎಂದು 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಬರೆದದ್ದು ಇಂಥ ತಂತಿ ಎಲ್ಲೆಡೆಗೂ ಎಳೆದ ಕಥೆ. ತಲೆಯೊಳಗೂ ಸ್ವಲ್ಪ ಎಳೆದಿದ್ದಾರೆ: 2008ರಲ್ಲಿ ಜರ್ಮನಿಯ ಸಂಶೋಧಕರು ಮೆದುಳಿನ ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್) ನೋಡಿ, ಜನ ಎಡ ಒತ್ತುತ್ತಾರೋ ಬಲವೋ ಎಂದು, ತೀರ್ಮಾನಿಸಿದೆ ಎಂದು ಅವರಿಗೇ ಅನಿಸುವ ಕೆಲವು ಸೆಕೆಂಡು ಮೊದಲೇ ಊಹಿಸಿದರು. ಸರಿಯಾದದ್ದು ಸುಮಾರು 60 ಶೇಕಡಾ. ಬರೀ ಅದೃಷ್ಟವಾದರೆ 50. ನನ್ನ ಕಣ್ಣಿಗೆ ಅದೇನೂ ಭಾರೀ ಗೆಲುವಲ್ಲ.

ಈ ವಾರ ಹಾಕಿದ್ದು ಮೂರನೇ ಸ್ವಿಚ್. ಅದನ್ನು ಒತ್ತಿದರೆ ಡಬ್ಬಿ ತನ್ನ ಊಹೆಯನ್ನು ಮೊದಲೇ ತೋರಿಸುತ್ತದೆ. ಆಗ ಆಟವೇ ಕೆಟ್ಟಿತು. ಎಡ ಎಂದರೆ ಹುಡುಗ ಬಲ ಒತ್ತುತ್ತಾನೆ, ಬಲ ಎಂದರೆ ಎಡ. “ನೋಡು ಮಾಮಾ, ನನ್ನನ್ನು ಯಾರೂ ಊಹಿಸೋಕಾಗಲ್ಲ!” ಬ್ರಿಟನ್ನಿನ ಮೆದುಳುವಿಜ್ಞಾನಿ ಡೊನಾಲ್ಡ್ ಮೆಕೇ ಕೂಡ ಹತ್ತಿರದ ಮಾತನ್ನೇ ಹೇಳಿದ್ದರು: ನಿನ್ನ ಆಯ್ಕೆ ಇದೇ ಎಂದು ನಿನಗೆ ಹೇಳಿದ ಕ್ಷಣವೇ ನಿನ್ನ ಮೆದುಳು ಬದಲಾಗುತ್ತದೆ, ಹೇಳಿದ ಭವಿಷ್ಯ ಹಳೆಯ ಮೆದುಳಿನದು.

ಸರಿ, ಹುಡುಗನನ್ನು ಎಬ್ಬಿಸಿ ಅವನ ಜಾಗದಲ್ಲಿ 7404 ಎಂಬ ಐಸಿ (ಚಿಪ್) ಕೂರಿಸಿದೆ. ಒಳಬಂದದ್ದನ್ನು ಉಲ್ಟಾ ಮಾಡಿ ಹೊರಗೆ ಕೊಡುವುದಷ್ಟೇ ಅದರ ಕೆಲಸ. ಡಬ್ಬಿ ತೋರಿಸುವ ಊಹೆಯ ತಂತಿ 1ನೇ ಕಾಲಿಗೆ, 2ನೇ ಕಾಲಿನಿಂದ ಬಂದದ್ದು ಬಟನ್ನಿನ ಜಾಗಕ್ಕೆ. ಡಬ್ಬಿ ಒಂದೇ ಒಂದು ಸಲವೂ ಗೆಲ್ಲಲಿಲ್ಲ. ಈ ಐಸಿಯ ಬಗ್ಗೆ ನನಗೆ ತಿಳಿಯದ್ದು ಏನೂ ಇಲ್ಲ, ಅದು ಏನು ಮಾಡುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಆದರೂ ಊಹೆಯನ್ನು ಅದಕ್ಕೆ ಮೊದಲೇ ಹೇಳಿ ಗೆಲ್ಲುವುದು ಲಾಪ್ಲಾಸ್‌ನ ಬುದ್ಧಿಗೂ ಆಗದು. ಅಂದರೆ ಹುಡುಗ ಡಬ್ಬಿಯನ್ನು ಸೋಲಿಸಿದ್ದರಿಂದ ಅವನ ಸ್ವಾತಂತ್ರ್ಯವೇನೂ ಸಿದ್ಧವಾಗಲಿಲ್ಲ, ಡಬ್ಬಿ ಗೆದ್ದಿತೆಂದು ಚಿಕ್ಕಮ್ಮನ ಸ್ವಾತಂತ್ರ್ಯ ಹೋಗಲೂ ಇಲ್ಲ. ಊಹಿಸಲು ಆಗುತ್ತದೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಆಯ್ಕೆ ಯಾರದು ಎಂಬುದು ಇನ್ನೊಂದು. ಹುಡುಗನಿಗೆ ಇದನ್ನು ಹೇಳಿದೆ, ಒಪ್ಪಲಿಲ್ಲ. ಐಸಿಗೆ ಬೇಸರ ಬರಲ್ಲ, ನಂಗೆ ಬರುತ್ತೆ ಅಂದ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ.

ಮುಂದಿನ ಕೆಲಸ ಅಂಗಡಿ ಬಿಲ್ಲಿನಂಥ ಚೀಟಿ ಮುದ್ರಿಸುವ ಥರ್ಮಲ್ ಪ್ರಿಂಟರ್. ಊಹೆಯನ್ನು ಚೀಟಿಯಲ್ಲಿ ಮುದ್ರಿಸಿ, ಮಡಚಿ, ಆಡುವವರ ಕೈಗೇ ಕೊಟ್ಟು, ಒತ್ತಿದ ಮೇಲೆ ಬಿಚ್ಚಿಸುವುದು. ಅದು ಎಳೆಯುವ ಕರೆಂಟಿಗೆ ಆರ್ಡುಯಿನೊದ 5 ವೋಲ್ಟ್ ಕಾಲು ಸಾಲದು, ಬೇರೆ ಅಡಾಪ್ಟರ್ ತರಬೇಕು.