ಮಂಡಿನೋವು ಹೊತ್ತು ಗಣೇಶಪುರಿಗೆ ಬರುವವರಿಗೆ

ಮಕ್ಕಳ ಮನೆಗೆಂದು ಮುಂಬೈಗೆ ಬರುವ ನಮ್ಮ ಕಡೆಯ ಹಿರಿಯರು ಸಿದ್ಧಿವಿನಾಯಕ, ಮಹಾಲಕ್ಷ್ಮಿ ಮುಗಿದ ಮೇಲೆ ಕೇಳುವುದು ಗಣೇಶಪುರಿ. ಅದಕ್ಕೆ ಕಾರಣ ಎರಡು. ಇಲ್ಲಿನ ಉಡುಪಿ ಹೋಟೆಲುಗಳ ಗಲ್ಲಾದ ಹಿಂದೆ ಹೂವಿನ ಹಾರ ಹಾಕಿಸಿಕೊಂಡು ಕೂತಿರುವ ನಿತ್ಯಾನಂದ ಸ್ವಾಮಿಗಳ ಪಟ ನೋಡಿರುತ್ತೀರಿ. ಮಂಗಳೂರು, ಕಾಞಂಗಾಡು ಕಡೆಯೆಲ್ಲ ಓಡಾಡಿ ಕೊನೆಗೆ ಗಣೇಶಪುರಿಯಲ್ಲಿ ನೆಲೆಸಿ, 1961ರ ಆಗಸ್ಟ್ 8ರಂದು ದೇಹ ಬಿಟ್ಟವರು ಅವರು. ಸಮಾಧಿ ಮಂದಿರ ಅಲ್ಲೇ ಇದೆ. ಎರಡನೆಯ ಕಾರಣ ಬಿಸಿನೀರಿನ ಕುಂಡ. "ಮೂರು ಮುಳುಗು ಹಾಕಿದರೆ ಮಂಡಿನೋವು ಹೋಗುತ್ತದಂತೆ" ಎಂಬ ಮಾತು ಊರಿನಿಂದಲೇ ಅವರ ಜೊತೆ ರೈಲು ಹತ್ತಿರುತ್ತದೆ.

ಮೂರು ಮುಳುಗಿಗೆ ಯಾವ ನೋವೂ ಹೋಗುವುದಿಲ್ಲ. ಹಾಗೆಂದು ಕುಂಡದ ಸ್ನಾನ ಬರೀ ನಂಬಿಕೆಯ ಮಾತೂ ಅಲ್ಲ. ಕ್ರಮ ತಿಳಿದು ಇಳಿದವರಿಗೆ ಆ ದಿನದ ಮಟ್ಟಿಗೆ ಕೀಲು ಸಡಿಲಾಗಿ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಕ್ರಮ ತಿಳಿಯದವರು ತಲೆಸುತ್ತಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ.

ಥಾಣೆ, ಪಾಲ್ಘರ್ ಜಿಲ್ಲೆಗಳ ಗಡಿಯಲ್ಲಿ ತಾನ್ಸಾ ನದಿಯ ದಂಡೆಗುಂಟ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ ಒಂದರ ಪಕ್ಕ ಒಂದಿವೆ. ಇದೇ ನದಿಗೆ ಮೇಲ್ಗಡೆ ಕಟ್ಟಿದ, 1892ರಿಂದ ಮುಂಬೈಗೆ ನೀರು ಕೊಡುತ್ತಿರುವ ಅಣೆಕಟ್ಟು ಇದೆ. ವಜ್ರೇಶ್ವರಿಯ ದೇವಸ್ಥಾನ ಪೇಶ್ವೆ ಮೊದಲನೆಯ ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಹೊತ್ತ ಹರಕೆಯದು. 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದ ಮೇಲೆ ಕಟ್ಟಿಸಿದ್ದು. ದೇವಿ ಕೊಂದ ರಾಕ್ಷಸರ ರಕ್ತವೇ ಬಿಸಿನೀರಾಗಿ ಹರಿಯುತ್ತಿದೆ ಎಂದು ಅಲ್ಲಿಯವರು ಹೇಳುತ್ತಾರೆ.

ಭೂಗರ್ಭದವರ ಲೆಕ್ಕ ಬೇರೆ. ಇಲ್ಲಿ ಈಗ ಜ್ವಾಲಾಮುಖಿ ಯಾವುದೂ ಇಲ್ಲ. ಸಹ್ಯಾದ್ರಿಯ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ, ಅದು ಆರಿ ಎಷ್ಟೋ ಕಾಲವಾಯಿತು. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಒಂದೊಂದು ಕಿಲೋಮೀಟರ್ ಕೆಳಗೆ ಹೋದ ಹಾಗೆ ನೆಲದ ಶಾಖ 25ರಿಂದ 30 ಡಿಗ್ರಿಯಷ್ಟು ಏರುತ್ತದೆ. ಕಾದ ನೀರು ಇನ್ನೊಂದು ಬಿರುಕು ಹಿಡಿದು ಮೇಲೆ ಬರುತ್ತದೆ, ಬರುವಾಗ ಕಲ್ಲಿನ ಉಪ್ಪು, ಸಿಲಿಕಾ ಕರಗಿಸಿಕೊಂಡು ಬರುತ್ತದೆ. ಕೊಂಕಣದ ಉದ್ದಕ್ಕೂ ಇಂಥ ಬುಗ್ಗೆಗಳ ಸಾಲೇ ಇದೆ. ನಮ್ಮ ಪುತ್ತೂರಿನ ಇರ್ದೆಯ ಬೆಂದ್ರ್ ತೀರ್ಥ ನೋಡಿದವರು ಅದೇ ಅಂದಾಜಿನಲ್ಲಿ ಇಲ್ಲಿ ಕಾಲಿಡಬೇಡಿ. ಅದು ಉಗುರುಬೆಚ್ಚಗಿನದು, ಇಲ್ಲಿನ ಕೆಲವು ಕುಂಡಗಳಲ್ಲಿ ನೀರು ಹೊರಬರುವ ಜಾಗದಲ್ಲಿ ಕೈ ಇಡಲಾಗುವುದಿಲ್ಲ.

ಬಿಸಿ ಹೆಚ್ಚಾದಷ್ಟೂ ಗುಣ ಹೆಚ್ಚು ಎನ್ನುವುದು ಇಲ್ಲಿಗೆ ಬರುವ ಹಿರಿಯರಲ್ಲಿ ಗಟ್ಟಿಯಾಗಿ ಕೂತಿರುವ ನಂಬಿಕೆ. ಅದು ತಪ್ಪು. ಮೈಗೆ ಬೇಕಾದದ್ದು 37ರಿಂದ 40 ಡಿಗ್ರಿ ಸೆಲ್ಸಿಯಸ್. 42 ದಾಟಿದ ಮೇಲೆ ನೋವಿಗೆ ಹೆಚ್ಚಿನ ಲಾಭವಿಲ್ಲ, ಎದೆಯ ಮೇಲಿನ ಹೊರೆ ಮಾತ್ರ ಹೆಚ್ಚುತ್ತದೆ. 50 ಡಿಗ್ರಿಯ ನೀರು ಕೆಲವೇ ನಿಮಿಷದಲ್ಲಿ ಚರ್ಮ ಸುಡುತ್ತದೆ, ವಯಸ್ಸಾದವರ ತೆಳು ಚರ್ಮವನ್ನು ಇನ್ನೂ ಬೇಗ. ಅಡುಗೆಮನೆಯಲ್ಲಿ ಬಳಸುವ ಕಡ್ಡಿ ಥರ್ಮಾಮೀಟರ್ ಒಂದಿದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ, ಹತ್ತು ಎಣಿಸುವವರೆಗೆ ಆರಾಮಾಗಿ ಇಡಲಾಗದಿದ್ದರೆ ಆ ಕುಂಡ ಬೇಡ. ಅಂಗೈ, ಅಂಗಾಲು ನಂಬುವ ಹಾಗಿಲ್ಲ. ಅಲ್ಲಿ ಚರ್ಮ ದಪ್ಪ, ಸಕ್ಕರೆ ಕಾಯಿಲೆಯವರ ಪಾದಕ್ಕಂತೂ ಎಷ್ಟೋ ಸಲ ಬಿಸಿಯೇ ತಿಳಿಯುವುದಿಲ್ಲ. ಪಾದ ಜೋಮು ಹಿಡಿದಿರುವ ಮಧುಮೇಹಿಗಳು ಗುಳ್ಳೆ ಎದ್ದದ್ದನ್ನು ಮರುದಿನ ನೋಡಿಕೊಳ್ಳುವುದು ಇದೇ ಕಾರಣಕ್ಕೆ.

ಅಕ್ಲೋಲಿಯಲ್ಲೂ ಗಣೇಶಪುರಿಯ ಭೀಮೇಶ್ವರ ದೇವಸ್ಥಾನದ ಬಳಿಯೂ ಒಂದಕ್ಕಿಂತ ಹೆಚ್ಚು ಕುಂಡಗಳಿವೆ, ಒಂದೊಂದರ ಬಿಸಿ ಒಂದೊಂದು ತೆರ. ಎಲ್ಲಕ್ಕಿಂತ ತಣ್ಣಗಿನದರಿಂದ ಶುರು ಮಾಡಿ. ಹೆಚ್ಚಿನವರಿಗೆ ಅಲ್ಲಿಂದ ಮುಂದೆ ಹೋಗುವ ಅಗತ್ಯವೇ ಬರುವುದಿಲ್ಲ.

ಇಳಿಯುವ ಕ್ರಮ ಹೀಗೆ. ಹೊಟ್ಟೆ ಬಿರಿಯುವಷ್ಟು ತಿಂದಿರಬಾರದು, ಬರೀ ಹೊಟ್ಟೆಯೂ ಆಗದು. ಎರಡು ಇಡ್ಲಿಯೋ ಒಂದು ತಟ್ಟೆ ಪೋಹೆಯೋ ತಿಂದು ಒಂದೂವರೆ, ಎರಡು ಗಂಟೆ ಕಳೆದಿರಲಿ. ಎರಡು ಲೋಟ ನೀರು ಕುಡಿದಿರಲಿ. ಬೆಳ್ಳಿಯ ಕಾಲುಂಗುರ, ಉಡಿದಾರ ತೆಗೆದಿಡಿ. ಗಂಧಕದ ಅಂಶವಿರುವ ನೀರಿನಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಹೊರಗೆ ನಿಂತು ಸೋಪು ಹಚ್ಚಿ ಮೈ ತೊಳೆದುಕೊಳ್ಳಿ, ಕುಂಡದೊಳಗೆ ಸೋಪು, ಎಣ್ಣೆ, ಶಾಂಪೂ ಯಾವುದೂ ಬೇಡ. ದೀಪಾವಳಿಯ ಹಾಗೆ ಮೈತುಂಬ ಎಣ್ಣೆ ತಿಕ್ಕಿಕೊಂಡು ಇಳಿಯುವವರಿದ್ದಾರೆ. ಆ ಎಣ್ಣೆ ನೀರಿನ ಮೇಲೆ ತೇಲುತ್ತದೆ, ಮೆಟ್ಟಿಲಿಗೂ ಹತ್ತುತ್ತದೆ, ಆಮೇಲೆ ಬಂದವರು ಜಾರಿ ಬೀಳುತ್ತಾರೆ. ನೋವಿನ ಮುಲಾಮು ಹಚ್ಚಿದ್ದರೆ ಚೆನ್ನಾಗಿ ತೊಳೆದುಕೊಳ್ಳಿ, ಇಲ್ಲವಾದರೆ ಬಿಸಿನೀರು ತಾಗಿದೊಡನೆ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ.

ಮೊದಲು ಚೊಂಬಿನಲ್ಲಿ ಪಾದಕ್ಕೆ, ಆಮೇಲೆ ಮಂಡಿಗೆ, ತೊಡೆಗೆ, ಬೆನ್ನಿಗೆ ಹೊಯ್ದುಕೊಳ್ಳಿ. ಆಮೇಲೆ ಮೆಟ್ಟಿಲ ಮೇಲೆ ಕೂತು ಮಂಡಿ ಮುಳುಗುವಷ್ಟು ಇಳಿಬಿಟ್ಟು ಎರಡು ಮೂರು ನಿಮಿಷ. ಅನಂತರ ಸೊಂಟದವರೆಗೆ. ಎದೆಯವರೆಗೆ ಇಳಿಯುವುದು ಕೊನೆಗೆ, ಅದೂ ಉಸಿರು ಸಲೀಸಾಗಿದ್ದರೆ. ಒಟ್ಟು 10 ನಿಮಿಷ ಸಾಕು, ಅಭ್ಯಾಸವಿದ್ದವರಿಗೆ 15. ಸೊಂಟದವರೆಗಿನ ನೀರಿನಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಎದೆಮಟ್ಟ ಹೋದರೆ ಇನ್ನೂ ಕಡಿಮೆ. ನೆಲದ ಮೇಲೆ ಮಡಿಸಲಾಗದ ಮಂಡಿ ಅಲ್ಲಿ ಮಡಿಸುತ್ತದೆ. ಸುಮ್ಮನೆ ಕೂರುವ ಬದಲು ಮಂಡಿಯನ್ನು ನಿಧಾನವಾಗಿ ಹತ್ತು ಹದಿನೈದು ಸಲ ಮಡಿಸಿ ಚಾಚಿ, ಪಾದದ ಕೀಲು ತಿರುಗಿಸಿ. ಕುಂಡದ ನಿಜವಾದ ಔಷಧ ಇದು ಎಂದೇ ನಮ್ಮ ಅಭಿಪ್ರಾಯ. ಖನಿಜದ ಪಾಲು ಎಷ್ಟು, ಶಾಖ ಮತ್ತು ತೇಲುವಿಕೆಯ ಪಾಲು ಎಷ್ಟು ಎಂದು ಬಿಡಿಸಿ ನೋಡುವುದು ಸುಲಭವಲ್ಲ, ಆದರೆ ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುವುದರಲ್ಲಿ ಅನುಮಾನವಿಲ್ಲ. ಯುರೋಪಿನ ಚಿಕಿತ್ಸಾ ಸ್ನಾನದ ಊರುಗಳಲ್ಲಿ ಇದನ್ನು ಎರಡು ಮೂರು ವಾರ ಬಿಡದೆ ಮಾಡಿಸುತ್ತಾರೆ. ಒಂದು ಭಾನುವಾರದ ಸ್ನಾನಕ್ಕೆ ಆ ಫಲ ನಿರೀಕ್ಷಿಸಬಾರದು.

ಎಡವಟ್ಟಾಗುವುದು ಹೆಚ್ಚಾಗಿ ಮೇಲೇಳುವಾಗ. ಬಿಸಿಗೆ ಚರ್ಮದ ರಕ್ತನಾಳಗಳು ಅಗಲವಾಗಿ ಬಿಪಿ ಇಳಿದಿರುತ್ತದೆ. ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಥಟ್ಟನೆ ಎದ್ದರೆ ಆ ಒತ್ತಡ ತಪ್ಪಿ ರಕ್ತ ಕಾಲಿಗೆ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು. ಒಂದೊಂದೇ ಮೆಟ್ಟಿಲು ಮೇಲೆ ಬಂದು, ಪ್ರತಿ ಮೆಟ್ಟಿಲಲ್ಲೂ ಅರ್ಧ ನಿಮಿಷ ಕೂತು, ಯಾರದಾದರೂ ಕೈ ಹಿಡಿದು ಏಳಬೇಕು. ಹಿರಿಯರನ್ನು ಒಂಟಿಯಾಗಿ ಇಳಿಸಲೇಬಾರದು. ಜೊತೆಯವರೊಬ್ಬರು ನೀರಿನ ಹೊರಗೆ ಗಡಿಯಾರ ನೋಡುತ್ತ ನಿಂತಿರಲಿ.

ಇನ್ಸುಲಿನ್ ಚುಚ್ಚಿಸಿಕೊಂಡ ಕೂಡಲೇ ಇಳಿಯಬೇಡಿ. ಶಾಖಕ್ಕೆ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಕುಸಿಯಬಹುದು. ನಡುಕ, ತಣ್ಣನೆಯ ಬೆವರು ಕಂಡರೆ ಅದನ್ನು ಬಿಸಿನೀರಿನ ಆಯಾಸ ಎಂದುಕೊಂಡು ಸುಮ್ಮನಿರದೆ ಸಕ್ಕರೆ ಹಾಕಿದ ಚಹಾವನ್ನೋ ಪೆಪ್ಪರಮಿಂಟನ್ನೋ ಕೊಡಿ. ಎದೆನೋವಿನವರು, ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು, ಗರ್ಭಿಣಿಯರು, ಜ್ವರ ಇರುವವರು, ಮಂಡಿ ಶಸ್ತ್ರಚಿಕಿತ್ಸೆಯ ಗಾಯ ಮಾಯದವರು ದೇವರ ದರ್ಶನ ಮಾಡಿ ಹಿಂದಿರುಗಲಿ. ಕುಂಡಕ್ಕೆ ಇಳಿಯಲೇಬೇಕೆಂದರೆ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಮಂಡಿ ಕೆಂಪಗೆ ಊದಿ ಮುಟ್ಟಿದರೆ ಬಿಸಿ ಇದ್ದರೆ ಆ ದಿನ ಬಿಸಿನೀರು ನೋವು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಕುಡಿದು ಇಳಿಯುವವರ ವಿಷಯ ಬರೆದು ಪ್ರಯೋಜನವಿಲ್ಲ, ಅವರು ಇದನ್ನು ಓದುವುದಿಲ್ಲ.

ಮುಳುಗು ಹಾಕುವ ಮಾತಿಗೆ ಬಂದರೆ, ಹಾಕಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರುತ್ತದೆ. 2024 ಮತ್ತು 2025ರಲ್ಲಿ ಕೇರಳದಲ್ಲಿ ಮೆದುಳಿನ ಅಮೀಬಾ ಸೋಂಕಿನ ಸುದ್ದಿ ಓದಿರುತ್ತೀರಿ. ಅಪರೂಪದ ಸೋಂಕು, ಆದರೆ ತಗುಲಿದವರು ಉಳಿಯುವುದು ಕಷ್ಟ. ಶಾಸ್ತ್ರಕ್ಕೆ ತಲೆಯ ಮೇಲೆ ನಾಲ್ಕು ಹನಿ ಪ್ರೋಕ್ಷಣೆ ಮಾಡಿಕೊಂಡರಾಯಿತು. ಮಕ್ಕಳು ನೀರು ಎರಚಾಡುವುದನ್ನೂ ತಡೆಯಿರಿ. ತೀರ್ಥವೆಂದು ಕುಡಿಯುವುದೂ ಬೇಡ, ಬಾಟಲಿಯಲ್ಲಿ ತುಂಬಿ ಊರಿಗೆ ಒಯ್ಯುವುದೂ ಬೇಡ.

ಕುಂಡದ ನೀರಿಗೆ ಯಾರೂ ಕ್ಲೋರಿನ್ ಹಾಕುವುದಿಲ್ಲ. ಬುಗ್ಗೆಯ ಹೊಸ ನೀರು ಬಂದು ಹಳೆಯದು ಹರಿದುಹೋಗುವುದೇ ಅಲ್ಲಿನ ಶುದ್ಧೀಕರಣ. ಅದಕ್ಕೇ ಬೆಳಗಿನ ಹೊತ್ತು ಒಳ್ಳೆಯದು, ರಾತ್ರಿಯಿಡೀ ನೀರು ಬದಲಾಗಿರುತ್ತದೆ. ಇಳಿಯುವ ಮುಂಚೆ ತೂಬಿನ ಬಳಿ ನಿಂತು ನೀರು ಹರಿದು ಹೋಗುತ್ತಿದೆಯೇ ನೋಡಿ. ತಳದ ಕಲ್ಲು ಕಾಣದಷ್ಟು ಕದಡಿದ್ದರೆ, ಮೇಲೆ ಎಣ್ಣೆಯ ಪದರವಿದ್ದರೆ, ಮೂಲೆಯಲ್ಲಿ ನೊರೆ, ಶಾಂಪೂ ಪೊಟ್ಟಣ ತೇಲುತ್ತಿದ್ದರೆ ಚೊಂಬಿನ ಸ್ನಾನಕ್ಕೇ ನಿಲ್ಲಿಸಿ. ಭಾನುವಾರ ಮಧ್ಯಾಹ್ನ, ನವರಾತ್ರಿ, ಚೈತ್ರ ಅಮಾವಾಸ್ಯೆಯ ಜಾತ್ರೆ, ಗುರುಪೂರ್ಣಿಮೆ ಇವೆಲ್ಲ ದರ್ಶನಕ್ಕೆ ಸರಿ, ಸ್ನಾನಕ್ಕಲ್ಲ. ಗಜಕರ್ಣವಿದ್ದವರು ಕುಂಡಕ್ಕಿಳಿದರೆ ಉಳಿದವರಿಗೂ ಹರಡೀತು, ಅವರು ಹೊರಗೇ ನೀರು ಹೊಯ್ದುಕೊಳ್ಳುವುದು ಮರ್ಯಾದೆ.

ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ. ಮಳೆಗಾಲದಲ್ಲಿ ತಾನ್ಸಾ ಉಕ್ಕಿದಾಗ ನದಿಪಾತ್ರದ ಬುಗ್ಗೆಗಳು ಮುಳುಗುತ್ತವೆ, ಮೆಟ್ಟಿಲು ಪಾಚಿಗಟ್ಟುತ್ತದೆ. ಹಿಡಿತವಿರುವ ರಬ್ಬರ್ ಚಪ್ಪಲಿ ಬೇಕೇ ಬೇಕು. ಹೆಂಗಸರಿಗೆ ಬಟ್ಟೆ ಬದಲಿಸುವ ಅನುಕೂಲ ಎಲ್ಲ ಕಡೆ ಚೆನ್ನಾಗಿಲ್ಲ, ಗಾಢ ಬಣ್ಣದ ಹತ್ತಿ ನೈಟಿ ಮತ್ತು ಸುತ್ತಿಕೊಳ್ಳಲು ಹಳೆಯ ಪಂಚೆಯೊಂದು ತನ್ನಿ. ಜನರ ನಡುವೆ ಬೇಡವೆನ್ನುವವರಿಗೆ ಕೋಣೆಯಲ್ಲೇ ತೊಟ್ಟಿಗೆ ನೀರು ಬಿಡುವ ಲಾಡ್ಜುಗಳೂ ಸಿಗುತ್ತವೆ. ದುಡ್ಡು ಕೊಡುವ ಮುಂಚೆ ನೀರು ಬುಗ್ಗೆಯದೋ ಗೀಸರಿನದೋ ಎಂದು ಕೇಳಿ, ತೊಟ್ಟಿಯನ್ನು ನಿಮ್ಮೆದುರೇ ತೊಳೆಸಿ.

ಸ್ನಾನ ಮುಗಿದ ಮೇಲೆ ಅರ್ಧ ಗಂಟೆ ಮಲಗಿರಲಿ. ಉಪ್ಪು ಹಾಕಿದ ಮಜ್ಜಿಗೆಯೋ ಲಿಂಬೆ ಪಾನಕವೋ ಅರ್ಧ ಲೀಟರಿನಷ್ಟು ಕುಡಿಯಲಿ. ವಜ್ರೇಶ್ವರಿ ದೇವಿಯ ದರ್ಶನಕ್ಕೆ 52 ಮೆಟ್ಟಿಲು ಹತ್ತಬೇಕು, ಅದನ್ನು ಸ್ನಾನಕ್ಕೆ ಮುಂಚೆಯೇ ಮುಗಿಸಿ. ಸಡಿಲಾದ ಮಂಡಿಯಲ್ಲಿ ಹತ್ತಿ ಇಳಿದರೆ ಸಂಜೆಗೆ, ಬರುವಾಗ ಇದ್ದದ್ದಕ್ಕಿಂತ ಜಾಸ್ತಿ ನೋವು.

ಬರುವ ದಾರಿ: ಪಶ್ಚಿಮ ರೈಲ್ವೆಯವರಿಗೆ ವಸಾಯಿ ರೋಡ್ ಸ್ಟೇಷನ್ನಿನಿಂದ ಎಸ್.ಟಿ. ಬಸ್ಸು, ಥಾಣೆ ಕಡೆಯವರಿಗೆ ಭಿವಂಡಿ, ಅಂಬಾಡಿ ಮೇಲಿಂದ. ಕಾರಿನಲ್ಲಾದರೆ ಅಹಮದಾಬಾದ್ ಹೆದ್ದಾರಿಯಲ್ಲಿ ಶಿರ್ಸಾಡ್ ಫಾಟಾದಲ್ಲಿ ಬಲಕ್ಕೆ ತಿರುಗಿ. ವಜ್ರೇಶ್ವರಿಯಿಂದ ಗಣೇಶಪುರಿಗೆ ಎರಡು ಕಿಲೋಮೀಟರ್ ಚಿಲ್ಲರೆ, ಷೇರ್ ರಿಕ್ಷಾ ಸಿಗುತ್ತದೆ. ಮಂಗಳೂರಿನ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು ಥಾಣೆಯಲ್ಲಿ ಇಳಿದ ಹಿರಿಯರನ್ನು ನೇರವಾಗಿ ಕುಂಡಕ್ಕೆ ಕರೆದೊಯ್ಯಬೇಡಿ. ನಿದ್ದೆಗೆಟ್ಟ, ನೀರು ಕುಡಿಯದ ಮೈ ಬಿಸಿ ತಡೆಯುವುದಿಲ್ಲ. ಒಂದು ದಿನ ಮನೆಯಲ್ಲಿ ಸುಧಾರಿಸಿಕೊಳ್ಳಲಿ.

ಕಾರಿನಲ್ಲೇ ಊರಿಗೆ ಹೋಗಿಬರುವವರಿಗೆ ಮುಂಬೈ-ಗೋವಾ ಹೆದ್ದಾರಿಯಲ್ಲೂ ಬುಗ್ಗೆಗಳಿವೆ: ಮಹಾಡದ ಬಳಿ ಸವ್, ಸಂಗಮೇಶ್ವರದ ಆಸುಪಾಸಿನಲ್ಲಿ ಅರವಲಿ, ತುರಳ, ರಾಜವಾಡಿ. ಅಷ್ಟವಿನಾಯಕದ ಪಾಲಿಗೆ ಹೋದವರಿಗೆ ಹತ್ತಿರದಲ್ಲೇ ಉನ್ಹೇರೆ. ದಾಪೋಲಿ ಕಡೆಯ ಉನ್ಹವರೆಯದು ಸುಮಾರು 70 ಡಿಗ್ರಿ, ಮೂಲದ ಹತ್ತಿರ ಸುಳಿಯಬೇಡಿ. ಹೆದ್ದಾರಿಯಲ್ಲಿ ನಿಲ್ಲಿಸಿದಾಗ ಉಳಿದವರು ಬೇಕಾದರೆ ಇಳಿಯಲಿ, ಗಾಡಿ ಓಡಿಸುವವರು ಮಾತ್ರ ಕಾಲು ತೊಳೆದು ಬಂದರೆ ಸಾಕು. ಬಿಸಿನೀರಿನ ಮೇಲೆ ಬರುವ ತೂಕಡಿಕೆ ಚಹಾಕ್ಕೆ ಬಗ್ಗುವಂಥದ್ದಲ್ಲ, ಮುಂದೆ ಕಾದಿರುವುದು ಘಾಟಿಯ ತಿರುವು.